ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸುತ್ತ

ಹದಿಹರೆಯದ ತಿರುಗಾಟವನ್ನು ಬರೆಯಲು ಕೂತವರು ಮೊದಲು ಬರೆಯುವುದು ಸೂರ್ಯಾಸ್ತವನ್ನೇ. ನಾನೂ ಅದನ್ನೇ ಬರೆದೆ. ಎಷ್ಟೋ ವರ್ಷದಿಂದ ಬಿಟ್ಟುಹೋಗಿದ್ದ ಸ್ವಂತ ಬರವಣಿಗೆಗೆ ಮರಳಿದಾಗ ಮೊದಲ ನಾಲ್ಕು ಪುಟಗಳಲ್ಲಿ ಕಾರವಾರದ ಕಡಲಿತ್ತು, ಗಾಳಿಮರದ ಸದ್ದಿತ್ತು, ಕೆಂಪು ಆಕಾಶವಿತ್ತು. ಜೊತೆಗೆ ಯಾರಿದ್ದರು, ಕಿಸೆಯಲ್ಲಿ ಎಷ್ಟಿತ್ತು, ಎಷ್ಟೊತ್ತಿಗೆ ಮನೆ ಮುಟ್ಟಬೇಕಿತ್ತು ಎಂಬುದು ಮಾತ್ರ ಇರಲಿಲ್ಲ. ಒಂದು ಮಧ್ಯಾಹ್ನಕ್ಕೆ ಬಂದು ಹೋದ ಪ್ರವಾಸಿಯೂ ಆ ನಾಲ್ಕು ಪುಟ ಬರೆಯಬಹುದಿತ್ತು. ಅವನ್ನು ಹರಿಯದೆ ಇಟ್ಟುಕೊಂಡಿದ್ದೇನೆ. ಹೇಗೆ ಬರೆಯಬಾರದು ಎನ್ನುವುದಕ್ಕೂ ಒಂದು ಮಾದರಿ ಬೇಕಲ್ಲ.

ಎರಡನೇ ಸಲ ಕೂತಾಗ ದಾರಿಯನ್ನು ತಿರುವುಮುರುವು ಮಾಡಿದೆ. ಆ ವಯಸ್ಸಿನ ಯಾವ ತಿರುಗಾಟಕ್ಕೂ ಒಂದು ಕೊನೆಯ ಗಡಿ ಇರುತ್ತಿತ್ತು. ಅದು ಕೊನೆಯ ಬಸ್ಸು, ಇಲ್ಲವೇ ದೀಪ ಹಚ್ಚುವ ಹೊತ್ತು, ಇಲ್ಲವೇ ಅಪ್ಪ ಆಫೀಸಿನಿಂದ ಬರುವ ಹೊತ್ತು. ಅದನ್ನು ಹಾಳೆಯ ಕೆಳತುದಿಯಲ್ಲಿ ಮೊದಲು ಬರೆದು, ಅಲ್ಲಿಂದ ಮೇಲಕ್ಕೆ ಎಣಿಸುತ್ತ ಹೋಗಬೇಕು. ಏಳಕ್ಕೆ ಮನೆಯಲ್ಲಿರಬೇಕು, ಬಸ್ಸಿಗೆ ಇಪ್ಪತ್ತು ನಿಮಿಷ, ನಿಲ್ದಾಣದಿಂದ ಮನೆಗೆ ಹತ್ತು, ಹಾಗಾದರೆ ಆರೂವರೆಗೆ ಬಸ್ಸು ಹೊರಟಿರಬೇಕು, ಆ ಬಸ್ಸು ಸಿಗಬೇಕಾದರೆ ಮರಳಿನಿಂದ ಆರೂಕಾಲಿಗೆ ಏಳಬೇಕು, ಚಪ್ಪಲಿ ಹುಡುಕಲು, ಕಾಲಿನ ಮರಳು ಕೊಡವಲು ಐದು ನಿಮಿಷ. ಹೀಗೆ ಹೊರಟ ಹೊತ್ತಿನವರೆಗೂ ಎಣಿಸಿದರೆ 'ಇಡೀ ಸಂಜೆ ಕಳೆದೆವು' ಎಂದು ನೆನಪು ಹೇಳುವ ಆ ಸಂಜೆ ನಿಜಕ್ಕೂ ಐವತ್ತು ನಿಮಿಷದ್ದು ಎಂದು ಗೊತ್ತಾಗುತ್ತದೆ. ಬರೆಯಬೇಕಾದದ್ದು ಆ ಐವತ್ತು ನಿಮಿಷವನ್ನೇ. ಉಳಿದದ್ದು ಅದರ ತಯಾರಿ, ಮತ್ತು ಅದನ್ನು ಮುಚ್ಚಿಡುವ ಕೆಲಸ.

ಕೈ ಮತ್ತೆ ಹರಿಯಲು ಹೆಚ್ಚೇನೂ ಬೇಡ. 200 ಪುಟದ ಗೆರೆ ನೋಟ್‌ಬುಕ್ಕು, ದಿನಕ್ಕೆ ಹನ್ನೆರಡು ನಿಮಿಷ, ಮೊದಲ ಹತ್ತು ದಿನ ಬರೀ ಪಟ್ಟಿ. ವಾಕ್ಯ ಬರೆಯುವ ಹಾಗಿಲ್ಲ. ಅಂಗಡಿಗಳ ಪಟ್ಟಿ, ಸೈಕಲ್ಲುಗಳ ಪಟ್ಟಿ, ಮನೆಯಲ್ಲಿ ಹೇಳಿದ ಸುಳ್ಳುಗಳ ಪಟ್ಟಿ, ಒದ್ದೆಯಾದ ಬಟ್ಟೆಗಳ ಪಟ್ಟಿ. ವಾಕ್ಯಕ್ಕೆ ಬೇಗ ಕೈ ಹಾಕಿದರೆ ಹಳೆಯ ಅಭ್ಯಾಸದ ನುಡಿಗಟ್ಟುಗಳೇ ಓಡಿಬರುತ್ತವೆ. 'ಆ ದಿನಗಳೇ ಬೇರೆ' ಎಂಬ ವಾಕ್ಯ ಒಮ್ಮೆ ಒಳಗೆ ಬಂದು ಕೂತರೆ ಮುಂದಿನದೆಲ್ಲ ಅದರ ರಾಗದಲ್ಲೇ ಹೋಗುತ್ತದೆ. ಹನ್ನೆರಡು ನಿಮಿಷ ಮುಗಿದಾಗ ಪಟ್ಟಿ ಅರ್ಧಕ್ಕೇ ನಿಂತಿದ್ದರೂ ಪುಸ್ತಕ ಮುಚ್ಚಬೇಕು. ಮರುದಿನ ಕೂರುವುದಕ್ಕೆ ಆ ಅರ್ಧವೇ ನೆಪ. ಮೊಬೈಲಿಗೆ ಮಾತಾಡಿ ಬರೆಸುವುದನ್ನೂ ಪ್ರಯತ್ನಿಸಿದೆ, ಕೋಡಿಬಾಗ, ಬೈತಕೋಲ, ಹಬ್ಬುವಾಡ ಎಂದು ನಮ್ಮೂರಿನ ಜಾಗಗಳ ಹೆಸರು ಹೇಳಿದಾಗೆಲ್ಲ ಅದು ಬೇರೇನೋ ಬರೆದಿಟ್ಟಿತು. ಕೈಬರಹವೇ ವಾಸಿ.

ಆಮೇಲೆ ನಕ್ಷೆ. ಉಪಗ್ರಹದ ನಕ್ಷೆ ತೆರೆಯುವ ಮೊದಲು ನೆನಪಿನಿಂದ ಬರೆದ ನಕ್ಷೆ ಬೇಕು, ಈ ಕ್ರಮ ತಪ್ಪಬಾರದು. ಒಮ್ಮೆ ಪರದೆಯ ಮೇಲೆ ನೋಡಿದಿರೋ, ನೆನಪಿನ ನಕ್ಷೆ ಮತ್ತೆ ಸಿಗುವುದಿಲ್ಲ. ನೆನಪಿನಲ್ಲಿ ಬಸ್ ನಿಲ್ದಾಣದಿಂದ ಗ್ರೀನ್ ಸ್ಟ್ರೀಟು, ಹೂವಿನ ಚೌಕ, ಅಲ್ಲಿಂದ ಕಡಲು ಎಂದು ಗೀಚಿಕೊಂಡು, ಎಲ್ಲೆಲ್ಲಿ ನಿಲ್ಲುತ್ತಿದ್ದೆವೋ ಅಲ್ಲಿ ಚುಕ್ಕೆ ಇಟ್ಟೆ. ಆಮೇಲೆ ಅಳತೆಯ ನಕ್ಷೆಯ ಪಕ್ಕ ಇಟ್ಟು ನೋಡಿದರೆ ಸ್ವಾರಸ್ಯ ಕಾಣುತ್ತದೆ: ಮೂರು ನಿಮಿಷ ಹಿಡಿಯುವ ರಸ್ತೆ ನೆನಪಿನಲ್ಲಿ ಅರ್ಧ ಹಾಳೆ ತುಂಬಿರುತ್ತದೆ, ಹೆದ್ದಾರಿ ದಾಟುವ ಜಾಗವೇ ಮಾಯವಾಗಿರುತ್ತದೆ. ನೆನಪಿನಲ್ಲಿ ಉದ್ದವಾದ ಜಾಗದಲ್ಲಿ ಏನೋ ಒಂದು ನಡೆಯುತ್ತಿತ್ತು ಎಂದೇ ಅರ್ಥ. ಅಲ್ಲಿ ಪೆನ್ನು ನಿಲ್ಲಿಸಿ ಅಗೆಯಬೇಕು. ಮಾಯವಾದ ಜಾಗವನ್ನು ಸುಮ್ಮನೆ ದಾಟಿಬಿಡಿ.

ಬಸ್ ಪಾಸಿನ ಮಾತು ಇಲ್ಲೇ ಹೇಳಬೇಕು. ವಿದ್ಯಾರ್ಥಿ ಪಾಸು ನಡೆಯುವುದು ಮನೆಯ ನಿಲ್ದಾಣದಿಂದ ಕಾಲೇಜಿನ ನಿಲ್ದಾಣದವರೆಗಿನ ಮಾರ್ಗದಲ್ಲಿ ಮಾತ್ರ. ಹಾಗಾಗಿ ಆಗಿನ ಹದಿನೇಳರ ಹುಡುಗ ಹುಡುಗಿಯರ ಭೂಗೋಳ ಎಂದರೆ ಪಾಸಿನ ಭೂಗೋಳ. ಅಂಕೋಲೆ ಕಡೆಯಿಂದ ಬರುವವರಿಗೆ ಅರ್ಗಾ, ಬಿಣಗಾ ಪುಕ್ಕಟೆ, ಕಾಳಿ ಸೇತುವೆ ದಾಟಿದರೆ ಟಿಕೆಟ್ಟು. ಸದಾಶಿವಗಡದ ಕಡೆಯವರಿಗೆ ಸರಿ ಉಲ್ಟಾ. ಐದು ಜನರ ಗುಂಪಿನಲ್ಲಿ ಯಾರ ಪಾಸು ಎಲ್ಲಿಯವರೆಗೆ ಎಂದು ಬರೆದುಕೊಂಡರೆ, ಆ ಗುಂಪು ಯಾಕೆ ಯಾವಾಗಲೂ ಅದೇ ಜಾಗಕ್ಕೆ ಹೋಗುತ್ತಿತ್ತು ಎನ್ನುವುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ನಾವು ಕಡಲತೀರವನ್ನು ಪ್ರೀತಿಯಿಂದ ಆರಿಸಿಕೊಂಡಿದ್ದೆವು ಎಂದು ನಾನು ನಂಬಿದ್ದೆ. ಲೆಕ್ಕ ಹಾಕಿದರೆ, ಎಲ್ಲರ ಪಾಸೂ ತಾಗುವ ಒಂದೇ ಜಾಗ ಅದಾಗಿತ್ತು.

ಇನ್ನು ತಾರೀಕು. ದಿನಾಂಕವಿಲ್ಲದ ನೆನಪನ್ನು ಒಂದು ವರ್ಷದೊಳಗಾದರೂ ಕಟ್ಟಿಹಾಕಲು ಊರಿನ ಗುರುತುಗಳೇ ಸಾಕು. ಕೊಂಕಣ ರೈಲು ಪೂರ್ತಿ ಹಳಿಯಲ್ಲಿ ಓಡಲು ಶುರುವಾದದ್ದು 1998ರ ಜನವರಿ 26ರಂದು. ಶಿರವಾಡದ ನಿಲ್ದಾಣಕ್ಕೆ ಮುಂಬೈ ಗಾಡಿ ನೋಡಲು ಹೋದ ನೆನಪು ಅದಕ್ಕಿಂತ ಹಿಂದಿನದಾಗಲಾರದು. ಟಿಕೆಟ್ಟಿನ ಮೇಲೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಹೆಸರಿದ್ದರೆ ಅದು 1997ರ ಕೊನೆಯ ನಂತರದ್ದು. ನಿಮ್ಮ ದೃಶ್ಯದಲ್ಲಿ ಕಡಲತೀರದ ಮೇಲೆ ಚಾಪಲ್ ಯುದ್ಧನೌಕೆ ನಿಂತಿದೆಯೇ? ಆ ನೌಕೆ ಸೇವೆಯಿಂದ ನಿವೃತ್ತವಾದದ್ದೇ 2005ರಲ್ಲಿ. ನಾನು 2002ರದ್ದು ಎಂದುಕೊಂಡಿದ್ದ ಒಂದು ಸಂಜೆಯ ಹಿನ್ನೆಲೆಯಲ್ಲಿ ಹಡಗು ಠೀವಿಯಿಂದ ನಿಂತಿತ್ತು. ಆಮೇಲೆ ನೋಡಿದ ಹಡಗನ್ನು ನೆನಪು ತಂದು ಅಲ್ಲಿ ನಿಲ್ಲಿಸಿತ್ತು ಅಷ್ಟೆ. ಶಿರಸಿಯ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ; 2001ರ ಜಾತ್ರೆಯಲ್ಲಿ ತೊಟ್ಟಿಲು ಹತ್ತಿದೆವು ಎಂದು ಯಾರಾದರೂ ಹೇಳಿದರೆ ಅದು 2000 ಇಲ್ಲವೇ 2002. ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ ಪುಷ್ಯ ಹುಣ್ಣಿಮೆಯದ್ದು. ದೋಣಿಗಳೆಲ್ಲ ದಡದಲ್ಲಿ ಸಾಲಾಗಿ ಕೂತಿದ್ದವು ಎಂದರೆ ಸಾಮಾನ್ಯವಾಗಿ ಅದು ಜೂನ್-ಜುಲೈ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವ ಮಳೆಗಾಲದ ದಿನಗಳು. ಶಿರಸಿ ಕಡೆಯವರಿಗೆ ಇದಕ್ಕಿಂತ ಸುಲಭದ ಗುರುತು ಉಂಬಳ, ಅಂದರೆ ಜಿಗಣೆ: ಶಾಲ್ಮಲಾ ನದಿಯ ಸಹಸ್ರಲಿಂಗದ ದಾರಿಯಲ್ಲಿ ಕಾಲಿಗೆ ಉಂಬಳ ಹತ್ತಿದ ನೆನಪಿದ್ದರೆ ಅದು ಮಳೆಗಾಲ, ಶಾಲ್ಮಲೆಯ ಕಲ್ಲುಗಳೆಲ್ಲ ಮೇಲೆ ಕಂಡಿದ್ದರೆ ಮಳೆಗಾಲವಲ್ಲ. ಎರಡೂ ಒಂದೇ ದಿನದಲ್ಲಿ ಇದ್ದರೆ ಎರಡು ದಿನ ಸೇರಿಕೊಂಡಿವೆ ಎಂದೇ ಲೆಕ್ಕ.

ಹಳೆಯ ಕ್ಯಾಲೆಂಡರ್ ಸಿಗದಿದ್ದರೆ ಚಿಂತೆಯಿಲ್ಲ. 2003ರ ವಾರಗಳು 2014ಕ್ಕೂ 2025ಕ್ಕೂ ಹಾಗೇ ಹೊಂದುತ್ತವೆ, ಮನೆಯಲ್ಲಿ ಆ ವರ್ಷದ್ದು ತೂಗಿಕೊಂಡಿದ್ದರೆ ಅದೇ ಸಾಕು. ಆದರೆ ತಿಥಿ ಹಾಗೆ ಹೊಂದುವುದಿಲ್ಲ, ಅದಕ್ಕೆ 19 ವರ್ಷದ ಚಕ್ರ. 2003ರ ಅಕ್ಟೋಬರ್ 25 ಅಮಾವಾಸ್ಯೆ. 2022ರಲ್ಲೂ ಅದೇ ಅಕ್ಟೋಬರ್ 25 ಅಮಾವಾಸ್ಯೆ. ಒಂದು ದಿನದ ಹೆಚ್ಚುಕಡಿಮೆ ಇಟ್ಟುಕೊಂಡರೆ ಈ ಲೆಕ್ಕ ಕೈಕೊಡುವುದಿಲ್ಲ.

ತಿಥಿ ಯಾಕೆ ಬೇಕು ಎಂದರೆ, ಕಡಲಿಗಾಗಿ. ಕರಾವಳಿಯ ತಿರುಗಾಟ ಬರೆಯುವವರು ಹೆಚ್ಚು ತಪ್ಪುವುದು ಇಲ್ಲೇ. ಕಡಲನ್ನು ಒಂದೇ ಕಡೆ ನಿಂತ ಪರದೆಯ ಹಾಗೆ ಬರೆಯುತ್ತಾರೆ. 'ಪ್ರತಿ ರವಿವಾರ ಸಂಜೆ ಐದಕ್ಕೆ ಒದ್ದೆ ಮರಳಿನ ಮೇಲೆ ಕ್ರಿಕೆಟ್ ಆಡುತ್ತಿದ್ದೆವು' ಎಂದು ನಾನು ಬರೆದಿದ್ದೆ. ಲೆಕ್ಕ ಹಾಕಿ ನೋಡಿ. ನಮ್ಮ ಕಡೆ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಅವು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಏಳು ದಿನಕ್ಕೆ 350 ನಿಮಿಷ, ಅಂದರೆ ಹತ್ತಿರ ಹತ್ತಿರ ಆರು ಗಂಟೆ. ಒಂದು ಭರತದಿಂದ ಮುಂದಿನ ಇಳಿತಕ್ಕೆ ಇರುವ ಅಂತರವೂ ಸುಮಾರು ಆರು ಗಂಟೆಯೇ. ಈ ರವಿವಾರ ಐದಕ್ಕೆ ನೀರು ಇಳಿದು ಗಟ್ಟಿ ಮರಳು ಬಿಟ್ಟುಕೊಟ್ಟಿದ್ದರೆ, ಮುಂದಿನ ರವಿವಾರ ಐದಕ್ಕೆ ಅದೇ ಪಿಚ್ಚಿನ ಮೇಲೆ ನೀರು. ಹಾಗಾದರೆ ಕ್ರಿಕೆಟ್ ವಾರ ಬಿಟ್ಟು ವಾರ. ನಡುವಿನ ರವಿವಾರ ಏನು ಮಾಡುತ್ತಿದ್ದೆವು? ಆ ಪ್ರಶ್ನೆಯಿಂದಲೇ ಮಾಲಾದೇವಿ ಮೈದಾನದ ಕಟ್ಟೆ ಹೊರಬಂತು, ಸುಮ್ಮನೆ ಕೂತು ಹರಟಿದ ರವಿವಾರಗಳು ಹೊರಬಂದವು. ಅವು ನೆನಪಿನಿಂದ ಪೂರ್ತಿ ಅಳಿಸಿಹೋಗಿದ್ದವು, ಯಾಕೆಂದರೆ ಅಲ್ಲಿ ಏನೂ ಆಗಿರಲಿಲ್ಲ.

ಇದಕ್ಕೆ ಇನ್ನೆರಡು ತಿದ್ದುಪಡಿ. ಹುಣ್ಣಿಮೆ-ಅಮಾವಾಸ್ಯೆಯ ಸುತ್ತ ನೀರಿನ ಏರಿಳಿತ ಒಂದೂವರೆ ಮೀಟರಿನ ಆಸುಪಾಸು, ಅಷ್ಟಮಿಯ ಸುತ್ತ ಅದರ ಅರ್ಧ. ಹಾಗಾಗಿ ಎಲ್ಲ ಇಳಿತವೂ ಪಿಚ್ಚು ಬಿಟ್ಟುಕೊಡುವುದಿಲ್ಲ. ಮತ್ತೆ, ದಿನದ ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ, ಒಂದು ಸ್ವಲ್ಪ ಮೇಲೇ ನಿಲ್ಲುತ್ತದೆ. ಇಷ್ಟು ನಿಖರವಾಗಿ ಬರಹದಲ್ಲಿ ಹಾಕಬೇಕೆಂದಿಲ್ಲ. ಹಾಕಿದರೆ ಪಠ್ಯಪುಸ್ತಕವಾಗುತ್ತದೆ. ಆದರೆ ಬರೆಯುವವನಿಗೆ ಗೊತ್ತಿದ್ದರೆ ಚಪ್ಪಲಿ ಎಲ್ಲಿ ಬಿಟ್ಟಿದ್ದರು, ಯಾಕೆ ಒದ್ದೆಯಾಯಿತು ಎನ್ನುವುದು ಸರಿಯಾಗಿ ಬರುತ್ತದೆ.

ಬೆಳಕಿನದ್ದೂ ಹಾಗೆಯೇ. ಕಾರವಾರದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು 6.12ರ ಸುಮಾರಿಗೆ, ಜೂನ್ ಕೊನೆಗೆ 7.06ರ ಸುಮಾರಿಗೆ. ಹತ್ತಿರ ಹತ್ತಿರ ಒಂದು ಗಂಟೆಯ ವ್ಯತ್ಯಾಸ. 'ಕತ್ತಲಾಗುವುದರೊಳಗೆ ಬಾ' ಎಂದು ಮನೆಯಲ್ಲಿ ಹೇಳಿದ್ದರೆ ಆ ಮಾತಿನ ಬೆಲೆ ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತಿತ್ತು. ಜೂನಿನಲ್ಲಿ ಹೆಚ್ಚು ಸಿಕ್ಕ ಆ ಐವತ್ತು ನಿಮಿಷವನ್ನು ಮಳೆ ತಿಂದುಹಾಕುತ್ತಿತ್ತು, ಅದು ಬೇರೆ. ಘಟ್ಟದ ಮೇಲೆ ಈ ಗಡಿಯಾರ ನಡೆಯುವುದಿಲ್ಲ. ಶಿರಸಿಯ ಸುತ್ತ ಅಡಿಕೆ ತೋಟದ ದಾರಿಯಲ್ಲಿ, ಕಾಡಿನ ಅಂಚಿನಲ್ಲಿ, ಸೂರ್ಯ ಇನ್ನೂ ಇರುವಾಗಲೇ ಕತ್ತಲು ಬಂದಿರುತ್ತದೆ. ಅಲ್ಲಿಯವರು ಬರೆಯುವಾಗ ಪಂಚಾಂಗದ ಸೂರ್ಯಾಸ್ತಕ್ಕಿಂತ ಅರ್ಧ ಗಂಟೆ ಹಿಂದಕ್ಕೆ ಎಣಿಸುವುದು ಕ್ಷೇಮ.

ದುಡ್ಡಿನ ಬಗ್ಗೆ ಒಂದು ಕಟ್ಟುನಿಟ್ಟು ಇಟ್ಟುಕೊಂಡೆ: ದರ ಖಾತ್ರಿ ಇಲ್ಲದಿದ್ದರೆ ಬರೆಯುವುದಿಲ್ಲ. ಹಳೆಯ ಬೆಲೆಗಳನ್ನು ಎಲ್ಲರೂ ಕಡಿಮೆ ಮಾಡಿ ಹೇಳುತ್ತಾರೆ, ಅದೊಂದು ಚಟ. ಅದರ ಬದಲು ಪಾಲು ಬರೆಯಬಹುದು, ಪಾಲು ಮರೆತುಹೋಗುವುದಿಲ್ಲ. ಐದು ಜನಕ್ಕೆ ಮೂರು ಪ್ಲೇಟು ಬನ್ಸ್-ಭಾಜಿ. ಒಂದು ಪ್ಲೇಟಿಗೆ ಎರಡು ಬನ್ಸು, ಒಟ್ಟು ಆರು. ಉಳಿದ ಒಂದು ಯಾರಿಗೆ? ಭಾಜಿಯನ್ನು ಎರಡನೇ ಸಲ ಪುಕ್ಕಟೆ ಹಾಕಿಸಿಕೊಳ್ಳಲು ಯಾರು ಎದ್ದು ಹೋಗುತ್ತಿದ್ದರು? ಒಂದೇ ಗೋಲಿ ಸೋಡಾ ತೆಗೆದುಕೊಂಡರೆ ಮೊದಲ ಗುಟುಕು ಯಾರದ್ದು? ಇವಕ್ಕೆಲ್ಲ ಉತ್ತರ ಥಟ್ಟನೆ ಬರುತ್ತದೆ, ಬೆಲೆಗೆ ಬರುವುದಿಲ್ಲ. ನಾಣ್ಯದ ಹೆಸರು ಹಾಕುವುದಿದ್ದರೆ ಮಾತ್ರ ಎಚ್ಚರ: ನಾಲ್ಕಾಣೆ ಚಲಾವಣೆಯಿಂದ ಹೋದದ್ದು 2011ರ ಜೂನ್ 30ಕ್ಕೆ. ಅದರ ನಂತರದ ದೃಶ್ಯದಲ್ಲಿ ನಾಲ್ಕಾಣೆ ಕೊಟ್ಟರೆ ಓದುಗ ಹಿಡಿದೇ ಹಿಡಿಯುತ್ತಾನೆ.

ಹಳೆಯ ಟಿಕೆಟ್ಟು ಸಿಕ್ಕರೆ ಭಾಗ್ಯ. ಮಷಿನ್ ಬರುವ ಮೊದಲಿನ ತೆಳು ಕಾಗದದ ಟಿಕೆಟ್ಟುಗಳಲ್ಲಿ ದರ ಅಚ್ಚಾಗಿರುತ್ತಿತ್ತು, ಕಂಡಕ್ಟರು ಪಂಚ್ ಮಾಡಿ ಕೊಡುತ್ತಿದ್ದರು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಗೀಚುತ್ತಿದ್ದರು. ಇಳಿಯುವಾಗ ಕೇಳಿ ತೆಗೆದುಕೊಳ್ಳದೆ ಮರೆತವರ ಪುಸ್ತಕಗಳಲ್ಲಿ ಅಂಥ ಚೀಟಿಗಳು ಇನ್ನೂ ಸಿಗುತ್ತವೆ. ಗಣಿತದ ಗೈಡಿನಲ್ಲಿ ನೋಡಿ, ಅದನ್ನು ಯಾರೂ ಆಮೇಲೆ ತೆರೆದಿರುವುದಿಲ್ಲ. ಕಾಗದದ ಟಿಕೆಟ್ಟು ಹಳದಿಯಾದರೂ ಅಕ್ಷರ ಉಳಿಯುತ್ತದೆ. ಮಷಿನ್ ಟಿಕೆಟ್ಟಿನದ್ದು ಬೇರೆ ಕಥೆ: ಅದು ಶಾಖಕ್ಕೆ ಅಚ್ಚು ಮೂಡುವ ಕಾಗದ, ಬಿಸಿಲು, ಶಾಖ, ಪ್ಲಾಸ್ಟಿಕ್ ಲಕೋಟೆ ಎಲ್ಲಕ್ಕೂ ಅಕ್ಷರ ಮಾಸುತ್ತದೆ. ಸಿಕ್ಕ ದಿನವೇ ಫೋಟೊ ತೆಗೆದುಬಿಡಬೇಕು. ಲ್ಯಾಮಿನೇಷನ್ ಮಾಡಿಸಲು ಕೊಟ್ಟರಂತೂ ಆ ಬಿಸಿಗೆ ಟಿಕೆಟ್ಟು ಪೂರ್ತಿ ಕಪ್ಪಾಗಿ ವಾಪಸು ಬರುತ್ತದೆ.

ಫೋಟೊಗಳನ್ನು ನಂಬುವುದಕ್ಕೂ ಮಿತಿ ಇದೆ. ಆಗಿನ ಮೊಬೈಲುಗಳಲ್ಲಿ ಬ್ಯಾಟರಿ ತೆಗೆದು ಹಾಕಿದರೆ ತಾರೀಕು ಜನವರಿ 1ಕ್ಕೆ ಹೋಗಿ ಕೂರುವುದಿತ್ತು. ಸಾಲಾಗಿ ಜನವರಿ ಒಂದನೇ ತಾರೀಕಿನ ಫೋಟೊಗಳಿದ್ದರೆ ಅದು ಹೊಸ ವರ್ಷದ ಪಾರ್ಟಿ ಅಲ್ಲ. ವಾಟ್ಸಾಪಿನಲ್ಲಿ ಬಂದ ಹಳೆಯ ಫೋಟೊದಲ್ಲಿ ತೆಗೆದ ತಾರೀಕು ಉಳಿದಿರುವುದಿಲ್ಲ, ಕಡತದ ಹೆಸರಿನಲ್ಲಿ ಕಾಣುವುದು ಬಂದು ತಲುಪಿದ ತಾರೀಕು. ಗೆಳೆಯರಿಂದ ಫೋಟೊ ಕೇಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಈ ತೊಂದರೆ ಇಲ್ಲ. ಫೋಟೊದ ನಡುವೆ ನಿಂತವರನ್ನು ಬಿಟ್ಟು ಅಂಚುಗಳನ್ನು ನೋಡಬೇಕು. ಹಿಂದಿನ ಸೇತುವೆ, ಗೋಡೆಯ ಮೇಲಿನ ಜಾಹೀರಾತು, ಯಾರದ್ದೋ ಕೈಯಲ್ಲಿನ ಛತ್ರಿ: ಕೆಲಸಕ್ಕೆ ಬರುವುದು ಇವೇ.

ಜೊತೆಗಿದ್ದವರನ್ನು ಕೇಳುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಗ್ರೂಪಿನಲ್ಲಿ ಕೇಳಲೇಬಾರದು. ಮೊದಲು ಉತ್ತರ ಕೊಟ್ಟವನ ನೆನಪೇ ಹತ್ತು ನಿಮಿಷದಲ್ಲಿ ಎಲ್ಲರ ನೆನಪಾಗುತ್ತದೆ, ಮೇಲಿಂದ ನಗುವ ಮುಖಗಳ ಸಾಲು. ಒಬ್ಬೊಬ್ಬರನ್ನೇ, ಫೋನಿನಲ್ಲಿ, ಬೇರೆ ಬೇರೆ ದಿನ ಕೇಳಬೇಕು. 'ಅವತ್ತು ಹೋಗಿದ್ದು ನೆನಪಿದೆಯಾ ಮಾರಾಯ?' ಎಂದರೆ 'ಹೌದು ಹೌದು' ಎಂದೇ ಉತ್ತರ ಬರುತ್ತದೆ. ಅದರ ಬದಲು: ಕಿಟಕಿ ಸೀಟಿನಲ್ಲಿ ಯಾರಿದ್ದರು? ನೀನು ಯಾವ ಚಪ್ಪಲಿ ಹಾಕಿದ್ದೆ? ಮನೆಗೆ ಹೋದಮೇಲೆ ಮೊದಲು ಯಾರು ಬೈದರು? ತಿನ್ನಲು ಆಗದೆ ಉಳಿದದ್ದೇನು? ಇಂಥ ನಾಲ್ಕು ಪ್ರಶ್ನೆಯನ್ನು ಎಲ್ಲರಿಗೂ ಅದೇ ಕ್ರಮದಲ್ಲಿ ಕೇಳಿ ಅಡ್ಡಸಾಲಿನಲ್ಲಿ ಬರೆದುಕೊಂಡೆ. ಮೂವರಲ್ಲಿ ಇಬ್ಬರು ಒಪ್ಪಿದ್ದು ಬರಹಕ್ಕೆ ಹೋಗುತ್ತದೆ. ಮೂವರೂ ಮೂರು ಹೇಳಿದ್ದು ಇನ್ನೂ ಒಳ್ಳೆಯದು, ಅದು ಮೂರೂ ರೀತಿಯಲ್ಲಿ ಹೋಗುತ್ತದೆ.

ಮಾತುಗಳನ್ನು ಬರೆಯುವಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇರುವ ಕಷ್ಟ ಬೇರೆಯವರಿಗೆ ಇರಲಿಕ್ಕಿಲ್ಲ. ಕಾರವಾರದ ಐವರ ಗುಂಪಿನಲ್ಲಿ ಕೊಂಕಣಿ, ಕನ್ನಡ, ಮರಾಠಿ, ಅರ್ಧ ಹಿಂದಿ ಎಲ್ಲ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಶಿರಸಿಯ ಗುಂಪಾದರೆ ಹವ್ಯಕ ಕನ್ನಡ ಮತ್ತು ಪೇಟೆ ಕನ್ನಡ ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲೆ ಅದಲುಬದಲಾಗುತ್ತವೆ. ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಐದೂ ಜನ ಒಬ್ಬನೇ ಮೇಷ್ಟರ ಹಾಗೆ ಮಾತಾಡುತ್ತಾರೆ. ಎಲ್ಲವನ್ನೂ ಇದ್ದ ಹಾಗೇ ಇಟ್ಟರೆ ಧಾರವಾಡದ ಓದುಗ ಎರಡನೇ ಪುಟಕ್ಕೆ ಕೈಬಿಡುತ್ತಾನೆ. ನಾನು ಕಂಡುಕೊಂಡ ದಾರಿ: ಕರೆಯುವ ಮಾತು ಮತ್ತು ಬೈಗುಳ ಇದ್ದ ಭಾಷೆಯಲ್ಲೇ, ವಿಷಯ ಮಾತ್ರ ಕನ್ನಡದಲ್ಲಿ. 'ಯೋ ರೇ' ಎಂದು ಒಬ್ಬ ಕೊಂಕಣಿಯಲ್ಲಿ ಕರೆದರೆ ಅವನ ಮನೆ, ಅವನ ಮಾತು ಓದುಗನಿಗೆ ತಿಳಿಯಿತು. 'ಹೋಪನ ಮಾಣಿ' ಎಂದು ಹವ್ಯಕದಲ್ಲಿ ಕರೆದರೆ ಅವನು ಘಟ್ಟದ ಮೇಲಿನವನು. ಆಮೇಲಿನ ಎರಡು ವಾಕ್ಯ ಸಾದಾ ಕನ್ನಡದಲ್ಲಿದ್ದರೂ ಕಿವಿಗೆ ಅದೇ ದನಿ ಕೇಳುತ್ತದೆ. ಯಾರ ಮನೆಯಲ್ಲಿ ಯಾವುದು ಬೈಗುಳ, ಯಾವುದು ಮುದ್ದು ಎನ್ನುವುದು ತಪ್ಪಿದರೆ ಮಾತ್ರ ಕ್ಷಮೆಯಿಲ್ಲ.

ಕನ್ನಡದ ಕ್ರಿಯಾಪದ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. 'ಹೋಗುತ್ತಿದ್ದೆವು' ಎನ್ನುವುದಕ್ಕೂ 'ಹೋದೆವು' ಎನ್ನುವುದಕ್ಕೂ ನಡುವೆ ಪ್ರಾಮಾಣಿಕತೆಯ ಗೆರೆಯೊಂದಿದೆ. ಹತ್ತು ಸಂಜೆಗಳು ಬೆರೆತು ಒಂದಾದದ್ದು 'ಹೋಗುತ್ತಿದ್ದೆವು.' ಟಿಕೆಟ್ಟಿನಿಂದಲೋ ಫೋಟೊದಿಂದಲೋ ಇಬ್ಬರ ಮಾತಿನಿಂದಲೋ ಖಾತ್ರಿಯಾದ ಒಂದೇ ಸಂಜೆ 'ಹೋದೆವು.' ಮೊದಲ ಕರಡಿನಲ್ಲಿ ನನ್ನ ಕ್ರಿಯಾಪದಗಳಿಗೆಲ್ಲ ಎರಡು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದೆ. ಒಂದೇ ಪ್ಯಾರಾದಲ್ಲಿ ಎರಡು ಬಣ್ಣ ಕಲಸಿಕೊಂಡಲ್ಲೆಲ್ಲ ನಾನು ಕಟ್ಟುಕಥೆ ಹೇಳುತ್ತಿದ್ದೆ. ಪೂರ್ತಿ 'ಉತ್ತಿದ್ದೆವು'ಗಳಲ್ಲೇ ಸಾಗುವ ಬರಹ ಮೂರನೇ ಪ್ಯಾರಾಕ್ಕೆ ತೂಕಡಿಸುತ್ತದೆ. ಅಂಥಲ್ಲಿ ಖಾತ್ರಿಯಾದ ಒಂದು 'ಬಿದ್ದ,' ಒಂದು 'ಹರಿಯಿತು' ಬೇಕು. ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ಆ ಬರಹ ಚಿಕ್ಕದಾಗಲಿ.

'ನಾವು' ಎಂಬ ಪದವನ್ನೂ ಅನುಮಾನದಿಂದ ನೋಡಬೇಕು. 'ನಾವು ಐಸ್‌ಕ್ರೀಂ ತಿಂದೆವು' ಎಂಬ ವಾಕ್ಯದ ಹಿಂದೆ ದುಡ್ಡು ಕೊಟ್ಟವನೂ 'ನನಗೆ ಬೇಡ, ಶೀತ' ಎಂದು ಸುಳ್ಳು ಹೇಳಿದವನೂ ಅಡಗಿರುತ್ತಾರೆ. 'ನಾವು' ಬಂದಲ್ಲೆಲ್ಲ ಒಮ್ಮೆ ತಲೆ ಎಣಿಸಿದರೆ, ಮೂರರಲ್ಲಿ ಒಂದು ಕಡೆ ಯಾರೋ ಒಬ್ಬರು ಹೊರಗಿದ್ದದ್ದು ಗೊತ್ತಾಗುತ್ತದೆ. ಹುಡುಗಿಯರು ಗುಂಪಿನಲ್ಲಿದ್ದರೆ ಅವರ ಕೊನೆಯ ಗಡಿ ಬೇರೆಯೇ ಇರುತ್ತಿತ್ತು, ಹುಡುಗರಿಗಿಂತ ಒಂದು ಬಸ್ಸು ಮೊದಲು. ಅವರು ಹೋದ ಮೇಲಿನ ಹೊತ್ತನ್ನೂ 'ನಾವು' ಎಂದೇ ಬರೆದಿದ್ದೆ.

ಹೆಸರು ಬದಲಿಸಿದರೆ ಸಾಕು ಎಂದುಕೊಂಡರೆ ನಮ್ಮಂಥ ಊರಿನಲ್ಲಿ ನಡೆಯುವುದಿಲ್ಲ. ಇಳಿಯುವ ನಿಲ್ದಾಣ, ಅಪ್ಪನ ನೌಕರಿ, ಸೈಕಲ್ಲಿನ ಬಣ್ಣ, ಈ ಮೂರು ಇದ್ದರೆ ಹೆಸರೇ ಬೇಡ, ಕೋಡಿಬಾಗದಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ. ಮೂರರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಯಾರದ್ದೋ ಮನೆಯಲ್ಲಿ ಹೇಳಿದ ಸುಳ್ಳನ್ನು ಬರೆಯುವ ಮೊದಲು ಆ ಪ್ಯಾರಾವನ್ನು ಅವರಿಗೇ ಓದಿ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದಿನ ಸುಳ್ಳಾದರೂ ಅವರ ತಾಯಿ ಇವತ್ತಿಗೂ ಇದ್ದಾರೆ.

ಜಾಗಗಳ ಬಗ್ಗೆಯೂ ಒಂದು ಮಾತು. ಬದಲಾದ ಜಾಗಕ್ಕೆ ಹೋಗಿ ನಿಂತು ಬರೆದರೆ ಪ್ರತಿ ಪ್ಯಾರಾದ ಕೊನೆಗೂ 'ಈಗ ಅದಿಲ್ಲ' ಎಂದು ಸೇರಿಸುವ ಆಸೆಯಾಗುತ್ತದೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿಗೆ ಮುಂಚೆ ಕುಸಿದುಬಿತ್ತು, ಬಿಣಗಾ ಕಡೆಯ ತಿರುವು ಬಳಸದೆ ಹೆದ್ದಾರಿ ಸುರಂಗದಲ್ಲಿ ಹೋಗುತ್ತದೆ, ಅರ್ಗಾದಲ್ಲಿ 2005ರಿಂದ ಕದಂಬ ನೌಕಾನೆಲೆ. ಇದನ್ನೆಲ್ಲ ಊರವರಿಗೆ ಹೇಳಬೇಕಾಗಿಲ್ಲ. ಬರಹದೊಳಗಿನ ಹದಿನೇಳರ ಹುಡುಗನಿಗೆ ಸೇತುವೆ ಬೀಳುತ್ತದೆ ಎಂದು ಗೊತ್ತಿಲ್ಲ. ಗೊತ್ತಿಲ್ಲದೆಯೇ ಅವನು ದಾಟಲಿ. ಇದಕ್ಕೆ ನಾನು ಬಿಟ್ಟುಕೊಟ್ಟ ವಿನಾಯಿತಿ ಒಂದೇ. 2024ರ ಜುಲೈ 16ರಂದು ಗುಡ್ಡ ಜರಿದ ಶಿರೂರಿನ ದಾರಿ. ಗೋಕರ್ಣಕ್ಕೆ ಹೋಗುವಾಗ ಆ ಹೆದ್ದಾರಿಯಲ್ಲಿ ಚಹಾಕ್ಕೆ ನಿಂತ ತಮಾಷೆಯನ್ನು ಬರೆದಿದ್ದೆ, ಅದನ್ನು ತೆಗೆದೆ.

ಹಳೆಯ ಬರಹ ಕಂಪ್ಯೂಟರಿನಲ್ಲಿ ಇದ್ದವರಿಗೆ ಇನ್ನೊಂದು ತಾಪತ್ರಯ. ಆಗ 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಈಗ ತೆರೆದರೆ ಚಿಂದಿ ಚಿಂದಿ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಯೂನಿಕೋಡ್ ಅಲ್ಲ ಅಷ್ಟೆ. ಮೊದಲು ಮೂಲದ ಪ್ರತಿ ತೆಗೆದಿಟ್ಟುಕೊಳ್ಳಿ. ಆಮೇಲೆ ಯಾವ ಫಾಂಟು ಎಂದು ಖಚಿತ ಮಾಡಿಕೊಂಡು ಅದಕ್ಕೆ ತಕ್ಕ ಪರಿವರ್ತಕಕ್ಕೆ ಹಾಕಿ, ನುಡಿಯ ಕಡತವನ್ನು ಬೇರೆ ಫಾಂಟಿನದ್ದೆಂದು ಹಾಕಿದರೆ ಅರ್ಧ ಸರಿ ಅರ್ಧ ಕಸ ಬರುತ್ತದೆ. ಪರಿವರ್ತನೆ ಆದಮೇಲೆ ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ಸೂರ್ಯ,' 'ವರ್ಷ,' 'ಗೋಕರ್ಣ' ಈ ಮೂರನ್ನು ಹುಡುಕಿ ನೋಡಿದರೆ ಪರಿವರ್ತನೆ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಅಂಕಿಗಳನ್ನೂ ಒಮ್ಮೆ ತಾಳೆ ನೋಡಿ. ಮತ್ತೆ, ಆ ವಯಸ್ಸಿನಲ್ಲಿ ಬರೆದದ್ದನ್ನು ಪರಿವರ್ತಿಸುತ್ತಲೇ ತಿದ್ದಲು ಹೋಗಬೇಡಿ. ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ, ಅದು ದಾಖಲೆ.

ಇಷ್ಟೆಲ್ಲ ಮಾಡಿ ನನಗೆ ದಕ್ಕಿದ ಒಂದು ತುಣುಕು ಹೀಗಿದೆ:

'ಡಿಸೆಂಬರಿನ ರವಿವಾರ, ಐದು ಜನ. ಟ್ಯೂಷನ್ ಐದೂವರೆಗೆ ಮುಗಿಯುತ್ತದೆ ಎಂದು ಐದೂ ಮನೆಯಲ್ಲಿ ಗೊತ್ತಿತ್ತು, ನಾಲ್ಕೂವರೆಗೇ ಮುಗಿದದ್ದು ಒಂದು ಮನೆಯಲ್ಲೂ ಗೊತ್ತಿರಲಿಲ್ಲ. ಬಸ್ಸಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಮೂರು ಪ್ಲೇಟು. ಆರನೇ ಬನ್ಸನ್ನು ನಾಲ್ಕು ತುಂಡು ಮಾಡಿದರು, ಐದನೆಯವನು ನೀರು ಕುಡಿಯಲು ಎದ್ದಿದ್ದ. ನೀರು ಮೇಲೆ ಬಂದಿತ್ತು, ಆಡಲು ಜಾಗವಿರಲಿಲ್ಲ. ಗಾಳಿಮರದ ಬುಡದಲ್ಲಿ ಕೂತು ಸೋಮವಾರದ ಟೆಸ್ಟಿನ ಮಾತಾಡಿದರು. ಆರೂಕಾಲಿಗೆ ಎದ್ದರು, ಬಿಸಿಲು ಇನ್ನೂ ಇತ್ತು. ಐವರಿಗೂ ಒಬ್ಬನೇ ಟಿಕೆಟ್ಟು ತೆಗೆಸಿದ. ಎರಡು ರೂಪಾಯಿ ಬಾಕಿ ಎಂದು ಕಂಡಕ್ಟರು ಹಿಂದೆ ಬರೆದುಕೊಟ್ಟರು.'

ಇದರಲ್ಲಿ ಒಂದು ತಪ್ಪಿತ್ತು, ಈ ಬರಹ ಮುಗಿಸುವಾಗ ಕಣ್ಣಿಗೆ ಬಿತ್ತು: ಡಿಸೆಂಬರಿನಲ್ಲಿ ಆರೂಕಾಲಿಗೆ ಬಿಸಿಲು ಇರಲು ಸಾಧ್ಯವಿಲ್ಲ. 'ಬಿಸಿಲು ಇನ್ನೂ ಇತ್ತು' ತೆಗೆದು 'ಬೀದಿದೀಪ ಹತ್ತಿತ್ತು' ಎಂದು ಹಾಕಬಹುದಿತ್ತು, ಆದರೆ ದೀಪ ಹತ್ತಿದ್ದನ್ನು ಯಾರೂ ಖಾತ್ರಿ ಮಾಡಿಲ್ಲ. ಹ್ಞಾಂ, ಹೊಡೆದುಹಾಕಿ ಖಾಲಿ ಬಿಟ್ಟಿದ್ದೇನೆ. ಟಿಕೆಟ್ಟು ತೆಗೆಸಿದ್ದು ತಾನೇ ಎಂದು ಇಬ್ಬರು ಬೇರೆ ಬೇರೆ ದಿನ ಹೇಳಿದರು, ಇಬ್ಬರೂ ಎರಡು ರೂಪಾಯಿ ಬಿಡಲು ತಯಾರಿಲ್ಲ. ಹಾಗಾಗಿ 'ಒಬ್ಬನೇ' ಎನ್ನುವುದನ್ನೂ ತೆಗೆದು, ತೆಗೆಸಿದವನ ಸುದ್ದಿಯೇ ಇಲ್ಲದ ವಾಕ್ಯ ಬರೆದಿದ್ದೇನೆ: 'ಬಾಕಿ ಚೀಟಿ ಕಿಸೆಯಲ್ಲೇ ಉಳಿಯಿತು.'